ಕಾರ್ಡಿನಲ್ಲಿ ಇಲ್ಲದ ಬಿಗಿತ

ಸಕಲೇಶಪುರ ದಾಟಿ ಶಿರಾಡಿ ಘಾಟಿಯ ಕಡೆ ಹೊರಟರೆ ದೋಣಿಗಾಲ್ ಕಳೆದ ಮೇಲೆ ಮಾರನಹಳ್ಳಿ ಸಿಗುತ್ತದೆ. ಹಾಸನದಿಂದ ಇಲ್ಲಿಯವರೆಗಿನ ಸುಮಾರು 45 ಕಿಲೋಮೀಟರ್ ಹೆದ್ದಾರಿಯನ್ನು ಚತುಷ್ಪಥ ಮಾಡುವ ಕೆಲಸ ಎಷ್ಟು ಮಳೆಗಾಲ ಕಂಡಿತು ಎಂಬ ಲೆಕ್ಕ ಈ ದಾರಿಯಲ್ಲಿ ಓಡಾಡುವವರ ನಾಲಗೆಯ ತುದಿಯಲ್ಲಿದೆ. ಟಿಪ್ಪರ್ ಮಣ್ಣು ಸುರಿಯುತ್ತದೆ, ಟ್ಯಾಂಕರ್ ನೀರು ಚಿಮುಕಿಸುತ್ತದೆ, ರೋಲರ್ ಹಿಂದೆ ಮುಂದೆ ಓಡುತ್ತದೆ. ಇಷ್ಟನ್ನು ಎಲ್ಲರೂ ನೋಡಿರುತ್ತಾರೆ. ರೋಲರ್ ಹೋದ ಮೇಲೆ ನಡೆಯುವ ಇನ್ನೊಂದು ಸಣ್ಣ ಕೆಲಸದ ಕಡೆ ಮಾತ್ರ ಯಾರ ಗಮನವೂ ಹೋಗುವುದಿಲ್ಲ.

ಗಟ್ಟಿಯಾದ ಪದರದಲ್ಲಿ ಒಂದು ಪುಟ್ಟ ಗುಂಡಿ ತೋಡುತ್ತಾರೆ. ತೆಗೆದ ಮಣ್ಣನ್ನು ತೂಗುತ್ತಾರೆ. ಆಮೇಲೆ ಜಾಡಿಯಿಂದ ಒಣ ಮರಳನ್ನು ಆ ಗುಂಡಿಗೆ ಇಳಿಬಿಟ್ಟು, ಎಷ್ಟು ಮರಳು ಹಿಡಿಯಿತು ಎಂಬುದರಿಂದ ಗುಂಡಿಯ ಗಾತ್ರ ಲೆಕ್ಕ ಹಾಕುತ್ತಾರೆ. ತೇವದ ತೂಕ ಕಳೆದು ಉಳಿದದ್ದನ್ನು ಗಾತ್ರದಿಂದ ಭಾಗಿಸಿದರೆ ಒಂದು ಅಂಕಿ ಬರುತ್ತದೆ: ಒಣ ಸಾಂದ್ರತೆ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ನಿಯಮದ ಪ್ರಕಾರ ಡಾಂಬರಿನ ಕೆಳಗಿನ ತಳಮಣ್ಣು, ಪ್ರಯೋಗಾಲಯದಲ್ಲಿ ಕುಟ್ಟಿ ಪಡೆದ ಗರಿಷ್ಠ ಸಾಂದ್ರತೆಯ ಶೇ 97ರಷ್ಟಾದರೂ ಬಿಗಿಯಾಗಿರಬೇಕು. ಆ ಜಾಗಕ್ಕೆ ಆರಿಸುವ ಮಣ್ಣಿಗೂ ಒಂದು ಕನಿಷ್ಠ ಮಟ್ಟವಿದೆ. ಅದನ್ನು ಮಣ್ಣು ವಿಜ್ಞಾನಿಗಳ ಲೆಕ್ಕಕ್ಕೆ ತಂದರೆ ಒಂದು ಘನ ಸೆಂಟಿಮೀಟರಿಗೆ ಸುಮಾರು 1.78 ಗ್ರಾಂ.

ಹೆದ್ದಾರಿಯ ಅಂಚಿನಿಂದ ಇಳಿದರೆ ಕಾಫಿ ತೋಟ, ಏಲಕ್ಕಿ, ಕಣಿವೆಯಲ್ಲಿ ಗದ್ದೆ. ಅಲ್ಲಿನ ಬೇರಿಗೆ ಬೇಕಾದದ್ದು ಇದಕ್ಕೆ ಸರಿಯಾಗಿ ತದ್ವಿರುದ್ಧ. ಮರಳುಮಣ್ಣಿನಲ್ಲಿ ಒಣ ಸಾಂದ್ರತೆ 1.8 ಮುಟ್ಟಿದರೆ ಬೇರು ನಿಂತೇಹೋಗುತ್ತದೆ. ಜೇಡಿ ಅಂಶ ಅರ್ಧದ ಹತ್ತಿರವಿರುವ ಮಣ್ಣಿಗೆ ಅಷ್ಟು ದೂರ ಹೋಗುವುದೂ ಬೇಡ, 1.47 ದಾಟಿದರೆ ಸಾಕು ಎನ್ನುತ್ತದೆ ಅಮೆರಿಕದ ಕೃಷಿ ಇಲಾಖೆಯ ಕೋಷ್ಟಕ. ಅಂದರೆ ರಸ್ತೆಯವರು ‘ಪಾಸ್’ ಎನ್ನುವ ಮಣ್ಣಿನಲ್ಲಿ ಗಿಡ ಬೇರು ಬಿಡುವುದು ಕಷ್ಟ. ಇಬ್ಬರೂ ಅಳೆಯಬೇಕಾದ ಸಂಗತಿ ಒಂದೇ. ಆದರೆ ರಸ್ತೆಯ ಪದರ ಪದರಕ್ಕೂ ಇರುವ ಈ ಅಳತೆ ತೋಟಕ್ಕೆ ಒಂದು ಸಲವೂ ಬರುವುದಿಲ್ಲ.

ತೋಟದಲ್ಲಿ ಅಳೆಯುವ ಕ್ರಮ ರಸ್ತೆಯದ್ದಕ್ಕಿಂತ ಸುಲಭ. ಅಂಚು ಹರಿತವಾಗಿರುವ ಒಂದು ಉಕ್ಕಿನ ಬಳೆ ಸಾಕು. ಐದು ಸೆಂಟಿಮೀಟರ್ ಅಗಲ, ಐದು ಸೆಂಟಿಮೀಟರ್ ಎತ್ತರದ ಬಳೆಯೊಳಗೆ ಸುಮಾರು 98 ಘನ ಸೆಂಟಿಮೀಟರ್ ಮಣ್ಣು ಹಿಡಿಯುತ್ತದೆ. ಅದನ್ನು ಮಣ್ಣಿಗೆ ನೇರವಾಗಿ ತಟ್ಟಿ ಇಳಿಸಿ, ಸುತ್ತ ಬಿಡಿಸಿ ತೆಗೆದು, ಎರಡೂ ಬದಿ ಚಾಕುವಿನಿಂದ ಸವರಿ, 105 ಡಿಗ್ರಿ ಶಾಖದ ಒಲೆಯಲ್ಲಿ ಒಂದು ದಿನ ಒಣಗಿಸಿ ತೂಗಬೇಕು. 118 ಗ್ರಾಂ ಬಂದರೆ ಸಾಂದ್ರತೆ 1.2. ಮಣ್ಣಿನ ಕಣದ ಸಾಂದ್ರತೆ ಸಾಮಾನ್ಯವಾಗಿ 2.65 ಇರುವುದರಿಂದ ಆ ಮಣ್ಣಿನಲ್ಲಿ ನೂರಕ್ಕೆ ಐವತ್ತೈದು ಪಾಲು ಬರೀ ಸಂದು: ಗಾಳಿಗೂ ನೀರಿಗೂ ಬೇರಿಗೂ ಸೇರಿದ ಜಾಗ. ಅದೇ ಬಳೆಯ ಮಣ್ಣು 157 ಗ್ರಾಂ ತೂಗಿದರೆ ಸಾಂದ್ರತೆ 1.6. ಸಂದು ನಲವತ್ತಕ್ಕೆ ಇಳಿಯಿತು. ಕಳೆದುಹೋದ ಹದಿನೈದು ಪಾಲು ಬಹುಮಟ್ಟಿಗೆ ದೊಡ್ಡ ಸಂದುಗಳೇ. ಮಳೆಯ ನೀರು ಬೇಗ ಇಳಿಯುತ್ತಿದ್ದದ್ದು, ಗಾಳಿ ಓಡಾಡುತ್ತಿದ್ದದ್ದು ಅವುಗಳಲ್ಲಿ.

ಆದರೂ ಸಾಂದ್ರತೆಯೊಂದೇ ಬೇರಿನ ಕಥೆ ಹೇಳುವುದಿಲ್ಲ. ಅಮೆರಿಕದ ಟೇಲರ್ ಮತ್ತು ಗಾರ್ಡ್ನರ್ ಎಂಬ ಇಬ್ಬರು ವಿಜ್ಞಾನಿಗಳು 1963ರಲ್ಲಿ ಹತ್ತಿಯ ಎಳೆ ತಾಯಿಬೇರನ್ನು ಬೇರೆ ಬೇರೆ ಬಿಗಿತದ, ಬೇರೆ ಬೇರೆ ತೇವದ ಮಣ್ಣಿಗೆ ಇಳಿಸಿ ನೋಡಿದರು. ಒಂದೇ ಸಾಂದ್ರತೆಯ ಮಣ್ಣು ಒದ್ದೆಯಿದ್ದಾಗ ಬೇರಿಗೆ ದಾರಿ ಕೊಡುತ್ತಿತ್ತು, ಒಣಗಿದಾಗ ತಡೆಯುತ್ತಿತ್ತು. ಬೇರನ್ನು ನಿಲ್ಲಿಸುವುದು ತೂಕವಲ್ಲ, ಮಣ್ಣು ಒಡ್ಡುವ ತಡೆ ಎಂಬುದು ಅಲ್ಲಿಗೆ ಗಟ್ಟಿಯಾಯಿತು. ಆ ತಡೆಯನ್ನು ಅಳೆಯುವ ಸಾಧನವೇ ಪೆನೆಟ್ರೋಮೀಟರ್. ತುದಿಯಲ್ಲಿ ಶಂಕುವಿನಂಥ ಉಕ್ಕಿನ ಮೊನೆ, ಮೇಲೆ ಹಿಡಿಕೆ, ನಡುವೆ ಒತ್ತಡ ತೋರಿಸುವ ಮುಳ್ಳು. ಮೊನೆಯ ಕೋನ 30 ಡಿಗ್ರಿ, ಇಳಿಸುವ ವೇಗ ಸೆಕೆಂಡಿಗೆ ಮೂರು ಸೆಂಟಿಮೀಟರ್ ಎಂದು ಅಮೆರಿಕದ ಕೃಷಿ ಎಂಜಿನಿಯರುಗಳ ಸಂಘ ಗೊತ್ತುಮಾಡಿದೆ. ಒಂದಡಿ ಇಳಿಯಲು ಹತ್ತು ಸೆಕೆಂಡು. ಮುಳ್ಳು 2 ಮೆಗಾಪಾಸ್ಕಲ್ ಮುಟ್ಟಿದರೆ ಹೆಚ್ಚಿನ ಬೆಳೆಗಳ ಬೇರಿಗೆ ಅದು ಗಡಿ. ಟೇಲರ್ ಮತ್ತು ಗಾರ್ಡ್ನರ್ ಅವರ ಹತ್ತಿ 3ರ ಹತ್ತಿರ ಬರುವಷ್ಟರಲ್ಲಿ ಪೂರ್ತಿ ಕೈಚೆಲ್ಲಿತ್ತು.

ಎರಡು ಮೆಗಾಪಾಸ್ಕಲ್ ಎಂದರೆ ಎಷ್ಟು? ದೊಡ್ಡ ಅಳತೆಯ ಮೊನೆಯ ಬುಡ ಸುಮಾರು ಎರಡು ಸೆಂಟಿಮೀಟರ್ ಅಗಲ. ಅದನ್ನು ಆ ಒತ್ತಡದಲ್ಲಿ ಇಳಿಸಲು ಅರವತ್ತಾರು ಕಿಲೋ ಭಾರ ಬೇಕು. ಸಾಧಾರಣ ಮೈಕಟ್ಟಿನ ಒಬ್ಬ ಆಳು ಹಿಡಿಕೆಯ ಮೇಲೆ ತನ್ನ ಪೂರ್ತಿ ತೂಕ ಹೇರಿದರೂ ಮೊನೆ ಕೆಳಗಿಳಿಯದಿದ್ದರೆ ಅಲ್ಲಿ ಬೇರಿನ ಆಟವೂ ಮುಗಿಯಿತು. ತೋಟದಲ್ಲಿ ಹಾರೆ ಊರಿ ‘ಇಲ್ಲಿ ಮಣ್ಣು ಬಿಗಿದಿದೆ’ ಎನ್ನುವ ಹಿರಿಯರು ಮಾಡುವುದೂ ಇದನ್ನೇ. ಮುಳ್ಳಿನ ಜಾಗದಲ್ಲಿ ಅವರ ರಟ್ಟೆ ಇರುತ್ತದೆ, ಅಷ್ಟೆ.

ಇಲ್ಲೊಂದು ವಿಚಿತ್ರವಿದೆ. ಬೇರಿನ ತುದಿಗೆ ಇರುವ ತಳ್ಳುವ ಶಕ್ತಿ ಸಾಮಾನ್ಯವಾಗಿ ಒಂದು ಮೆಗಾಪಾಸ್ಕಲ್ಲಿಗಿಂತ ಕಡಿಮೆ. ಇದನ್ನು ಮೊದಲು ಅಳೆದವನು ಜರ್ಮನಿಯ ಸಸ್ಯವಿಜ್ಞಾನಿ ವಿಲ್ಹೆಲ್ಮ್ ಫೆಫರ್. ಅವನು ಎಳೆ ಬೇರನ್ನು ಜಿಪ್ಸಮ್ ಗಾರೆಯಲ್ಲಿ ಹುದುಗಿಸಿ ಅದು ಒತ್ತುವ ಬಲವನ್ನು ಹಿಡಿದು 1893ರಲ್ಲಿ ಪ್ರಕಟಿಸಿದ. ಹಾಗಿದ್ದರೆ ಮೊನೆಗೆ ಎರಡು ಬೇಕಾದ ಕಡೆ ಬೇರು ಒಂದರಲ್ಲಿ ಹೇಗೆ ನುಗ್ಗುತ್ತದೆ? ಬೇರು ಉಕ್ಕಿನಂತೆ ನೆಟ್ಟಗೆ ಇಳಿಯುವುದಿಲ್ಲ. ತುದಿಯಿಂದ ಲೋಳೆ ಸುರಿಸುತ್ತದೆ, ಹೊರಪದರದ ಜೀವಕೋಶಗಳನ್ನು ಕಳಚಿ ದಾರಿಯನ್ನು ಜಾರಿಕೆ ಮಾಡಿಕೊಳ್ಳುತ್ತದೆ, ಕಲ್ಲು ಸಿಕ್ಕರೆ ಬಳಸಿ ಹೋಗುತ್ತದೆ. ಎರೆಹುಳು ಕೊರೆದ ಬಿಲವೋ, ಸತ್ತ ಮರದ ಬೇರು ಕೊಳೆತು ಬಿಟ್ಟ ಕೊಳವೆಯೋ ಸಿಕ್ಕಿದರಂತೂ ಸಲೀಸು. ಪೆನೆಟ್ರೋಮೀಟರಿಗೆ ಈ ಜಾಣತನ ಇಲ್ಲ. ಹಾಲವಾಣ, ಅತ್ತಿ, ಹೊನ್ನೆಗಳ ನೆರಳಿನಲ್ಲಿರುವ ಹಳೆಯ ಕಾಫಿ ತೋಟದಲ್ಲಿ ಮುಳ್ಳು ಗಾಬರಿಯಾಗುವಂಥ ಅಂಕಿ ತೋರಿಸಿದರೂ ಗಿಡ ಹಚ್ಚಗೆ ನಿಂತಿರಲು ಇದು ಕಾರಣ. ಘಟ್ಟದ ಮಣ್ಣಿನಲ್ಲಿ ಜಂಬಿಟ್ಟಿಗೆಯ ಹರಳು ಬೇರೆ. ಮೊನೆ ಹರಳಿಗೆ ತಾಗಿದರೆ ಅಂಕಿ ಸುಳ್ಳು ಹೇಳುತ್ತದೆ. ಒಂದೇ ಕಡೆ ಚುಚ್ಚಿ ತೀರ್ಮಾನಕ್ಕೆ ಬರುವವರಿಗೆ ಈ ಉಪಕರಣ ಹೇಳಿಸಿದ್ದಲ್ಲ.

ಅದಕ್ಕಿಂತ ಮುಖ್ಯ, ಚುಚ್ಚುವ ದಿನ. ಮಾರ್ಚಿನಲ್ಲಿ, ಹೂಮಳೆಗೆ ಮುಂಚೆ, ಮಲೆನಾಡಿನ ಕೆಂಪು ಮಣ್ಣು ಎಲ್ಲಿ ಚುಚ್ಚಿದರೂ ಕಲ್ಲು. ಪುಷ್ಯ ಮಳೆಯಲ್ಲಿ ಅದೇ ಜಾಗ ಬೆಣ್ಣೆ. ಎರಡೂ ಅಳತೆ ದಂಡ. ಚೆನ್ನಾಗಿ ಮಳೆ ಸುರಿದು, ಹೆಚ್ಚಿನ ನೀರು ಬಸಿದುಹೋಗಿ, ಒಂದೆರಡು ದಿನ ಕಳೆದ ಹದದಲ್ಲಿ ಅಳೆದರೆ ಮಾತ್ರ ಒಂದು ತೋಟವನ್ನು ಇನ್ನೊಂದರ ಜೊತೆ, ಈ ವರ್ಷವನ್ನು ಹೋದ ವರ್ಷದ ಜೊತೆ ಹೋಲಿಸಬಹುದು.

ಈ ಹದವೇ ಅಪಾಯದ ಹೊತ್ತೂ ಹೌದು. ರಸ್ತೆ ಎಂಜಿನಿಯರುಗಳಿಗೆ ಅದನ್ನು ಹೇಳಿಕೊಟ್ಟವರು ಲಾಸ್ ಏಂಜಲೀಸ್ ನೀರು ಸರಬರಾಜು ಇಲಾಖೆಯ ರಾಲ್ಫ್ ಪ್ರಾಕ್ಟರ್. ಮಣ್ಣಿನ ಅಣೆಕಟ್ಟುಗಳನ್ನು ಕಟ್ಟುವಾಗ ಕಂಡುಕೊಂಡದ್ದನ್ನು ಅವರು 1933ರಲ್ಲಿ ಬರೆದರು: ತೀರ ಒಣಮಣ್ಣು ರೋಲರಿಗೆ ಬಗ್ಗುವುದಿಲ್ಲ, ತೀರ ಒದ್ದೆಮಣ್ಣಿನಲ್ಲಿ ನೀರೇ ಸಂದು ತುಂಬಿಕೊಂಡು ಬಿಗಿಯಲು ಬಿಡುವುದಿಲ್ಲ, ನಡುವೆ ಒಂದು ತೇವದಲ್ಲಿ ಮಣ್ಣು ಅತ್ಯಂತ ಗಟ್ಟಿಯಾಗಿ ಕೂರುತ್ತದೆ. ಟ್ಯಾಂಕರ್ ನೀರು ಚಿಮುಕಿಸುವುದು ಆ ತೇವಕ್ಕಾಗಿ. ರೈತ ‘ಇವತ್ತು ಹದ ಬಂತು’ ಎಂದು ಟ್ರ್ಯಾಕ್ಟರ್ ಇಳಿಸುವ ತೇವವೂ ಹೆಚ್ಚು ಕಡಿಮೆ ಅದೇ ಆಸುಪಾಸಿನದು. ಒಂದು ದಿನ ಮುಂಚೆ ಇಳಿಸಿದರೆ ಉಳುಮೆಯ ಜೊತೆಗೆ ರಸ್ತೆ ಕೆಲಸವೂ ಆದಂತೆ. ಹಾನಿಯ ಬಹುಪಾಲು ಮೊದಲನೆಯ ಓಟದಲ್ಲೇ ಆಗಿಬಿಡುತ್ತದೆ. ಅದೇ ಜಾಡಿನಲ್ಲಿ ಹತ್ತನೆಯ ಸಲ ಓಡುವುದರಿಂದ ಆಗುವ ನಷ್ಟಕ್ಕಿಂತ ಹೊಸ ಜಾಡಿನಲ್ಲಿ ಒಂದು ಸಲ ಓಡುವುದರ ನಷ್ಟ ದೊಡ್ಡದು.

ಬಿಗಿದ ಮಣ್ಣಿನಲ್ಲಿ ಬೇರು ನಿಲ್ಲುವುದು ಬಲ ಸಾಲದೆ ಎಂದೇ ಬಹುಕಾಲ ನಂಬಿಕೆಯಿತ್ತು. 2021ರ ಜನವರಿಯಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಒಂದು ಪ್ರಬಂಧ ಅದನ್ನು ಅಲುಗಾಡಿಸಿತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಬಿಪಿನ್ ಪಾಂಡೆ ಮತ್ತು ಮಾಲ್ಕಂ ಬೆನೆಟ್, ಶಾಂಘೈನ ಸಂಶೋಧಕರೊಂದಿಗೆ ಸೇರಿ, ಭತ್ತದ ಬೇರನ್ನು 1.1 ಮತ್ತು 1.6 ಸಾಂದ್ರತೆಯ ಮಣ್ಣಿನಲ್ಲಿ ಬೆಳೆಸಿದರು. ಬೇರಿನ ತುದಿ ಸದಾ ಎಥಿಲೀನ್ ಅನಿಲ ಬಿಡುತ್ತಿರುತ್ತದೆ. ಬಾಳೆಗೊನೆಯನ್ನು ಹಣ್ಣು ಮಾಡುವ ಅನಿಲವೇ ಅದು. ಸಡಿಲ ಮಣ್ಣಿನಲ್ಲಿ ಅದು ಸಂದುಗಳ ಮೂಲಕ ಹೊರಟುಹೋಗುತ್ತದೆ. ಬಿಗಿದ ಮಣ್ಣಿನಲ್ಲಿ ಹೊರಹೋಗಲು ಜಾಗವಿಲ್ಲದೆ ತುದಿಯ ಸುತ್ತಲೇ ಕಟ್ಟಿಕೊಳ್ಳುತ್ತದೆ. ಅದನ್ನು ಗ್ರಹಿಸಿದ ಬೇರು ಉದ್ದ ಬೆಳೆಯುವುದನ್ನು ಬಿಟ್ಟು ದಪ್ಪಗಾಗುತ್ತದೆ. ಎಥಿಲೀನನ್ನು ಗ್ರಹಿಸಲಾರದ ಭತ್ತದ ರೂಪಾಂತರಗಳನ್ನು ಅದೇ 1.6ರ ಮಣ್ಣಿಗೆ ಹಾಕಿದಾಗ ಅವುಗಳ ಬೇರು ಹೆಚ್ಚು ಅಳುಕದೆ ಒಳಗಿಳಿಯಿತು. ಹಾಗಾದರೆ ಬೇರು ಸೋತು ನಿಲ್ಲುವುದಲ್ಲ, ಮುಂದೆ ದಾರಿಯಿಲ್ಲ ಎಂಬ ಸುದ್ದಿ ಕೇಳಿ ನಿಲ್ಲುತ್ತದೆ. ತಳಿ ತಜ್ಞರಿಗೆ ಇದು ಹೊಸ ಆಸೆ. ಆದರೆ ಕಷ್ಟದ ಸೂಚನೆಯನ್ನೇ ಕೇಳದ ಗಿಡ ಬಯಲಿನಲ್ಲಿ ಹೇಗೆ ನಡೆದುಕೊಂಡೀತು ಎಂಬ ಅನುಮಾನವನ್ನು ಜೊತೆಗೇ ಇಟ್ಟುಕೊಳ್ಳುವುದು ಒಳ್ಳೆಯದು.

ಭತ್ತದ ಮಾತು ಬಂದದ್ದರಿಂದ ಗದ್ದೆಗೆ ಇಳಿಯೋಣ. ಎಲ್ಲ ಬಿಗಿತವೂ ಕೆಟ್ಟದ್ದಲ್ಲ ಎಂಬುದಕ್ಕೆ ಗದ್ದೆಯೇ ಸಾಕ್ಷಿ. ತಲೆಮಾರುಗಳ ಕಾಲ ಎತ್ತು, ಈಚೆಗೆ ಪವರ್ ಟಿಲ್ಲರ್ ಕೆಸರು ಕಲಸುತ್ತ ಬಂದದ್ದರಿಂದ ಒಂದು ಗೇಣಿನ ಆಸುಪಾಸಿನಲ್ಲಿ ಗಟ್ಟಿ ತಳ ಕಟ್ಟಿಕೊಂಡಿರುತ್ತದೆ. ಅದು ಇರುವುದರಿಂದಲೇ ನೀರು ನಿಲ್ಲುತ್ತದೆ, ಭತ್ತ ಆಗುತ್ತದೆ. ತೊಂದರೆ ಶುರುವಾಗುವುದು ಗದ್ದೆ ಗದ್ದೆಯಾಗಿ ಉಳಿಯದಿದ್ದಾಗ. ಭತ್ತ ಗಿಟ್ಟುವುದಿಲ್ಲವೆಂದು ಅಡಿಕೆ ಸಸಿ ಇಟ್ಟವರಿಗೆ, ಶುಂಠಿಗೆ ಗುತ್ತಿಗೆ ಕೊಟ್ಟವರಿಗೆ ಆ ತಳ ಅಲ್ಲೇ ಕೂತಿದೆ. ಮುಂಗಾರಿನಲ್ಲಿ ನೀರು ಅದರ ಮೇಲೆ ನಿಲ್ಲುತ್ತದೆ. ಅಡಿಕೆಯ ಬೇರು ತಳ ಮುಟ್ಟಿ ಅಡ್ಡಕ್ಕೆ ಹೊರಳುತ್ತದೆ, ಶುಂಠಿಗೆ ಗಡ್ಡೆ ಕೊಳೆ ಹತ್ತುತ್ತದೆ. ಮಡಿ ಏರಿಸಿ, ಬಸಿಗಾಲುವೆ ತೆಗೆದರೆ ಅರ್ಧ ಪರಿಹಾರ. ಕಾಲುವೆ ತಳದ ಪದರವನ್ನು ಕತ್ತರಿಸಿ ಕೆಳಗಿಳಿಯದಿದ್ದರೆ ಆ ಅರ್ಧವೂ ಇಲ್ಲ.

ಆಲೂರಿನ ಕಡೆ ನೆಲ ಸ್ವಲ್ಪ ಚಪ್ಪಟೆಯಾಗುತ್ತದೆ. ಮುಸುಕಿನ ಜೋಳ, ಶುಂಠಿ, ಆಲೂಗೆಡ್ಡೆ. ಟ್ರ್ಯಾಕ್ಟರಿನ ಹಿಂದೆ ರೋಟವೇಟರ್. ಅದರ ಅಲಗು ಮೇಲಿನ ಮಣ್ಣನ್ನು ಹಿಟ್ಟಿನಂತೆ ಪುಡಿಮಾಡುತ್ತದೆ, ನೋಡಲು ಚೆಂದ. ಪ್ರತಿ ವರ್ಷ ಅದೇ ಆಳದಲ್ಲಿ ತಿರುಗುವ ಅಲಗು ಕೆಳಗಿನ ಮಣ್ಣನ್ನು ಒರೆಸಿ ಒತ್ತಿ ಹೊಸ ತಳ ಕಟ್ಟುತ್ತದೆ. ಹಾಸಿಗೆ ಮೆತ್ತಗಿದೆ ಎಂದು ಬಿತ್ತಿದ ಜೋಳ ಮೊಣಕಾಲೆತ್ತರ ಬಂದಾಗ ಕೆಳ ಎಲೆಗಳ ಅಂಚು ಹಳದಿಗೆ ತಿರುಗಿ ಸುಟ್ಟಂತಾಗುವುದುಂಟು. ಅದು ಪೊಟ್ಯಾಷ್ ಕೊರತೆಯ ಗುರುತು. ಮಣ್ಣು ಪರೀಕ್ಷೆ ಮಾಡಿಸಿದರೆ ಪೊಟ್ಯಾಷ್ ಸಾಕಷ್ಟಿದೆ ಎಂದು ಬರಬಹುದು. ಎರಡೂ ನಿಜ. ಗೊಬ್ಬರ ಮಣ್ಣಿನಲ್ಲಿದೆ, ಅಲ್ಲಿಗೆ ಹೋಗಲು ಬೇರಿಗೆ ದಾರಿಯಿಲ್ಲ. ಇನ್ನೊಂದು ಚೀಲ ಸುರಿದರೆ ಲಾಭವಾಗುವುದು ಅಂಗಡಿಯವನಿಗೆ.

2015ರ ಫೆಬ್ರುವರಿಯಲ್ಲಿ ರಾಜಸ್ಥಾನದ ಸೂರತ್‌ಗಢದಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡ್ ಯೋಜನೆಯಲ್ಲಿ ಹನ್ನೆರಡು ಅಂಶಗಳ ಪರೀಕ್ಷೆಯಿದೆ. ಸಾರಜನಕ, ರಂಜಕ, ಪೊಟ್ಯಾಷ್, ಗಂಧಕ. ಸತು, ಕಬ್ಬಿಣ, ತಾಮ್ರ, ಮ್ಯಾಂಗನೀಸ್, ಬೋರಾನ್. ಜೊತೆಗೆ ರಸಸಾರ, ಲವಣಾಂಶ, ಸಾವಯವ ಇಂಗಾಲ. ಬಿಗಿತಕ್ಕೆ ಅಲ್ಲಿ ಸಾಲೇ ಇಲ್ಲ. ಕಾರಣ ಊಹಿಸುವುದು ಕಷ್ಟವಲ್ಲ: ಮಣ್ಣನ್ನು ಅಗೆದು ಚೀಲಕ್ಕೆ ತುಂಬಿದ ಕ್ಷಣವೇ ಅದರ ಬಿಗಿತ ಹೋಯಿತು. ಪ್ರಯೋಗಾಲಯಕ್ಕೆ ತಲಪುವುದು ಪುಡಿ ಮಾತ್ರ. ಸಾಂದ್ರತೆ ಬೇಕೆಂದರೆ ಯಾರಾದರೂ ಬಳೆ ಹಿಡಿದು ಹೊಲಕ್ಕೇ ಬರಬೇಕು. ಹಾಸನದ ಕಾರೇಕೆರೆಯಲ್ಲಿ ಕೃಷಿ ಕಾಲೇಜಿದೆ, ಕಂದಲಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಬಳೆ, ತಕ್ಕಡಿ, ಒಲೆ ಇವು ದುಬಾರಿ ಸಾಮಾನುಗಳಲ್ಲ. ಹನ್ನೆರಡರ ಪಕ್ಕದಲ್ಲಿ ಹದಿಮೂರನೆಯ ಸಾಲು ಬರೆಯಲು ಅಡ್ಡಿಯಾಗಿರುವುದು ಹಣಕ್ಕಿಂತ ಹೆಚ್ಚಾಗಿ ರೂಢಿ.

ಕಾಫಿಯ ಪ್ರಪಂಚ ಈ ವಿಷಯದಲ್ಲಿ ಹಿಂದೆ ಬಿದ್ದಿರಲಿಲ್ಲ ಎಂಬುದನ್ನು ಹೇಳಲೇಬೇಕು. ಬಾಳೆಹೊನ್ನೂರಿನಲ್ಲಿ 1925ರಲ್ಲಿ ಶುರುವಾದ ಪ್ರಯೋಗ ಕೇಂದ್ರ, ಇಂದಿನ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ, ಮಣ್ಣು ಸಡಿಲವಿಡುವ ಕ್ರಮಗಳನ್ನು ಬೆಳೆಗಾರರಿಗೆ ಹೇಳುತ್ತಲೇ ಬಂದಿದೆ. ಹೊಸ ತೋಟಕ್ಕೆ ಒಂದಡಿ ಆಳದ ಅಗೆತ, ಹಳೆಯ ತೋಟಕ್ಕೆ ಮಳೆಗಾಲ ಮುಗಿಯುವಾಗ ಮೇಲುಮೇಲೆ ಕೆತ್ತನೆ, ಆಗಸ್ಟಿನಿಂದ ಅಕ್ಟೋಬರಿನೊಳಗೆ ಸಾಲುಗಳ ನಡುವೆ ತೊಟ್ಟಿಲು ಗುಂಡಿ. ಗುಂಡಿಯಲ್ಲಿ ದರಗು ತುಂಬಿ ಕೊಳೆಯುತ್ತದೆ, ಇಳಿಜಾರಿನ ನೀರು ನಿಂತು ಇಂಗುತ್ತದೆ, ಕಾಫಿಯ ಸಣ್ಣ ಬೇರು ಅದರ ಅಂಚಿಗೆ ಮುತ್ತಿಕೊಳ್ಳುತ್ತದೆ. ಕಾಫಿಗಿಡದ ಉಣ್ಣುವ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಒಂದಡಿಯಲ್ಲೇ ಇರುವುದರಿಂದ, ಆ ಒಂದಡಿ ಬಿಗಿದರೆ ಗಿಡದ ಅಡುಗೆಮನೆಗೇ ಬೀಗ.

ಬದಲಾದದ್ದು ಕೆಲಸ ಮಾಡುವ ಕೈ. ಆಳು ಸಿಗದೆ ತೊಟ್ಟಿಲು ಗುಂಡಿ ಎಷ್ಟೋ ತೋಟಗಳಲ್ಲಿ ನೆನಪಾಗಿದೆ. ಜುಲೈ, ಆಗಸ್ಟಿನ ಮಳೆಯ ಬಿಡುವಿನಲ್ಲಿ ಬೋರ್ಡೋ ದ್ರಾವಣ ಸಿಂಪಡಿಸಲು ಡ್ರಮ್ಮು ಹೊತ್ತ ಮಿನಿ ಟ್ರ್ಯಾಕ್ಟರ್ ಒದ್ದೆ ನೆಲದಲ್ಲೇ ಸಾಲಿನೊಳಗೆ ನುಗ್ಗುತ್ತದೆ. ದಾರಿ ಮಾಡಲು, ಗುಂಡಿ ತೆಗೆಯಲು ಬರುವ ಜೆಸಿಬಿಯ ತೂಕ ಏಳೆಂಟು ಟನ್. ಸಸಿ ನೆಡಲು ತಿರುಪು ಯಂತ್ರದಿಂದ ಹೊಂಡ ಕೊರೆಸುವುದೂ ಈಗ ಮಾಮೂಲು. ಒದ್ದೆ ಜೇಡಿಯಲ್ಲಿ ಆ ತಿರುಪು ಹೊಂಡದ ಗೋಡೆಯನ್ನು ಸವರಿ ನುಣುಪು ಮಾಡಿಬಿಡುತ್ತದೆ, ಸಸಿಯ ಬೇರು ಗೋಡೆ ದಾಟದೆ ಒಳಗೇ ಸುತ್ತುತ್ತದೆ. ಮುಂಚೆ ಬೇಸಿಗೆಯ ಮೊದಲ ಮಳೆಗಳ ನಂತರ ಒಂದೂವರೆ ಅಡಿಯ ಚೌಕದ ಹೊಂಡ ತೆಗೆದು ಬಿಸಿಲಿಗೆ ಬಿಟ್ಟು ಆಮೇಲೆ ಮುಚ್ಚುತ್ತಿದ್ದರು. ಗೋಡೆ ಬಿರಿಯಲು ಸಮಯ ಸಿಗುತ್ತಿತ್ತು. ಯಂತ್ರದ ಹೊಂಡಕ್ಕೂ ಗುದ್ದಲಿಯ ತುದಿಯಿಂದ ನಾಲ್ಕು ಕಡೆ ಗೀರು ಹಾಕಿದರೆ ಅರ್ಧ ದೋಷ ಹೋಗುತ್ತದೆ. ಅದಕ್ಕೆ ಕೂಲಿ ಹೆಚ್ಚೇನೂ ಬೀಳುವುದಿಲ್ಲ.

ಇಲ್ಲಿ ಭಾರವಾದ ಪ್ರಾಣಿಯ ಸುದ್ದಿಯೂ ಬರುತ್ತದೆ. ಸಕಲೇಶಪುರ, ಆಲೂರಿನ ತೋಟಗಳಿಗೆ ಕಾಡಾನೆ ಹೊಸತಲ್ಲ. ಆನೆ ದಿನವೂ ನಡೆದ ಜಾಡು ಹಾರೆಗೂ ಸುಲಭವಾಗಿ ಬಗ್ಗದು. ದೊಡ್ಡ ಗಂಡಾನೆಯ ತೂಕ ನಾಲ್ಕು ಟನ್ನಿನ ಆಸುಪಾಸು. ಥಾಮಸ್ ಕೆಲ್ಲರ್ ಮತ್ತು ಡ್ಯಾನಿ ಓರ್ ಎಂಬ ಮಣ್ಣು ವಿಜ್ಞಾನಿಗಳು 2022ರಲ್ಲಿ ಲೆಕ್ಕ ಹಾಕಿದಂತೆ, 1958ರಲ್ಲಿ ತುಂಬಿದ ಕೊಯ್ಲು ಯಂತ್ರದ ತೂಕವೂ ಸುಮಾರು ಅಷ್ಟೇ ಇತ್ತು, 2020ಕ್ಕೆ ಅದು 36 ಟನ್ನಿಗೆ ಏರಿತ್ತು. ಒಂಬತ್ತು ಆನೆ. ಅವರು ಹೋಲಿಸಿದ್ದು ಆನೆಗಲ್ಲ, ದೈತ್ಯ ಡೈನೋಸಾರ್‌ಗಳಿಗೆ. ಟೈರು ಅಗಲವಾದದ್ದರಿಂದ ಮೇಲ್ಮಣ್ಣಿನ ಮೇಲಿನ ಒತ್ತಡ ಅಷ್ಟೇ ಉಳಿಯಿತು, ಹೆಚ್ಚಿದ ಭಾರ ಮಾತ್ರ ಉಳುಮೆ ಮುಟ್ಟದ ಆಳಕ್ಕೆ ಇಳಿಯಿತು ಎಂಬುದು ಅವರ ವಾದದ ತಿರುಳು. ಮಲೆನಾಡಿನ ಗದ್ದೆಗೆ ಅಂಥ ದೈತ್ಯ ಬರುವುದಿಲ್ಲ. ಇಲ್ಲಿಗೆ ಬರುವ ಚೈನ್ ಹಾರ್ವೆಸ್ಟರ್ ಅದಕ್ಕಿಂತ ಎಷ್ಟೋ ಹಗುರ. ಅಗಲ ಟೈರಿನ ಧೈರ್ಯದ ಮೇಲೆ ಒದ್ದೆ ನೆಲಕ್ಕೆ ಇಳಿಯುವವರು ಮಾತ್ರ ಈ ಲೆಕ್ಕವನ್ನು ಮರೆಯಬಾರದು.

ಆಳದ ಬಿಗಿತ ತಾನಾಗಿ ಬಿಡುವುದೆಂದು ಕಾಯುವಂತೆಯೂ ಇಲ್ಲ. ಉತ್ತರ ಕರ್ನಾಟಕದ ಎರೆಮಣ್ಣು ಬೇಸಿಗೆಯಲ್ಲಿ ಬಿರಿದು, ಮಳೆಯಲ್ಲಿ ಉಬ್ಬಿ ತನ್ನನ್ನು ತಾನೇ ಸಡಿಲಿಸಿಕೊಳ್ಳುತ್ತದೆ. ಶೀತದೇಶಗಳಲ್ಲಿ ಮಣ್ಣಿನ ನೀರು ಹೆಪ್ಪುಗಟ್ಟಿ ಕರಗುವುದರಿಂದ ಮೇಲಿನ ಪದರ ಸ್ವಲ್ಪ ಬಿಡುತ್ತದೆ. ಘಟ್ಟದ ಕೆಂಪು ಮಣ್ಣಿನ ಜೇಡಿ ಅಷ್ಟು ಉಬ್ಬುವ ಜಾತಿಯದಲ್ಲ, ಹಿಮವಂತೂ ಇಲ್ಲ. ಇಲ್ಲಿ ಮಣ್ಣನ್ನು ಬಿಡಿಸುವವು ಎರೆಹುಳು, ಗೆದ್ದಲು, ಬೇರು. ಅವುಗಳಿಗೆ ದರಗು ಬೇಕು, ನೆರಳು ಬೇಕು, ವರ್ಷಗಳು ಬೇಕು.

ಉಪಕರಣ ಕೈಗೆ ಸಿಗುವವರೆಗೆ ರೈತರೇ ನೋಡಿಕೊಳ್ಳಲು ಒಂದು ದಾರಿ ಇದೆ. ಯುರೋಪಿನಲ್ಲಿ ರೂಢಿಗೆ ಬಂದ ಗುದ್ದಲಿ ಪರೀಕ್ಷೆ ಅದು. ಹದ ನೋಡಿ ಒಂದು ಗೇಣು ಆಳದ ಮಣ್ಣಿನ ಹೆಂಟೆಯನ್ನು ಮುರಿಯದೆ ಎತ್ತಿ, ಕೈಯಿಂದ ಮೆಲ್ಲಗೆ ಬಿಡಿಸಬೇಕು. ಬೆರಳಲ್ಲೇ ಉದುರುವ, ಬೇರು ಎಲ್ಲ ಕಡೆ ಹರಡಿದ ಮಣ್ಣಿಗೆ ಒಂದು ಅಂಕ. ಮೂಲೆ ಮೂಲೆಯಾಗಿ ಒಡೆಯುವ, ಬಿರುಕಿನಲ್ಲಿ ಮಾತ್ರ ಬೇರು ಸಿಗುವ ಮಣ್ಣಿಗೆ ಐದು. ಇಲ್ಲಿ ಅಂಕ ಕಡಿಮೆಯಾದಷ್ಟೂ ಒಳ್ಳೆಯದು. ಬೇರಿನ ರೂಪವನ್ನೂ ಗಮನಿಸಬೇಕು: ಕೊಕ್ಕೆಯಂತೆ ತಿರುಗಿದ ತಾಯಿಬೇರು, ಮೊಂಡಾಗಿ ಊದಿದ ತುದಿ, ಬಿರುಕಿನೊಳಗೆ ಚಪ್ಪಟೆಯಾದ ಎಳೆಬೇರು. ಟ್ರ್ಯಾಕ್ಟರ್ ಓಡುವ ಜಾಡಿನಲ್ಲೊಂದು, ಯಾರೂ ಕಾಲಿಡದ ಬೇಲಿ ಬುಡದಲ್ಲೊಂದು ಹೆಂಟೆ ತೆಗೆದು ಪಕ್ಕಪಕ್ಕ ಇಟ್ಟರೆ ವ್ಯತ್ಯಾಸ ಹೇಳಿಕೊಡಲು ಯಾರೂ ಬೇಕಾಗಿಲ್ಲ.

ಬಿಗಿತ ಕಂಡ ಮೇಲೆ ಸಬ್‌ಸಾಯ್ಲರ್ ಹಾಕಿಸುವ ಆತುರ ಸಹಜ. ಮಣ್ಣು ಒಣಗಿದ್ದಾಗ ಹಾಕಿದರೆ ತಳ ಪದರ ಬಿರಿಯುತ್ತದೆ, ಒದ್ದೆಯಿದ್ದಾಗ ಹಾಕಿದರೆ ಅಲಗು ಹೋದ ಕಡೆ ಒಂದು ಸೀಳು ಬಿದ್ದು ಸುತ್ತಲ ಮಣ್ಣು ಇನ್ನಷ್ಟು ಒತ್ತುತ್ತದೆ. ಬಿರಿದ ನೆಲದ ಮೇಲೆ ಆ ವರ್ಷವೇ ಮತ್ತೆ ಭಾರದ ಗಾಡಿ ಓಡಿದರೆ ಖರ್ಚು ಮಾಡಿದ್ದು ವ್ಯರ್ಥ. ಸಡಿಲಾದ ಮಣ್ಣು ಮೊದಲಿಗಿಂತ ಬೇಗ ಕುಸಿದು ಕೂರುತ್ತದೆ. ಹಾಗಾಗಿ ಆಲೂರಿನ ಜೋಳದ ಹೊಲದಂಥ ಕಡೆ ಗಾಡಿಗೆ ಒಂದೇ ಜಾಡು ಗೊತ್ತುಮಾಡುವುದು ಮೊದಲ ಕೆಲಸ. ಎರಡನೆಯದು, ಬಿತ್ತನೆಗೆ ಮುಂಚಿನ ಮಳೆಗೆ ಅಪ್ಸೆಣಬನ್ನೋ ಇನ್ನೊಂದು ಆಳಬೇರಿನ ಹಸಿರೆಲೆ ಗಿಡವನ್ನೋ ಬೆಳೆದು ಮಣ್ಣಿಗೆ ಸೇರಿಸುವುದು. ಅದರ ಬೇರು ಕೊಳೆತ ಮೇಲೆ ಉಳಿಯುವ ಕೊಳವೆಗಳಲ್ಲಿ ಜೋಳದ ಬೇರು ಇಳಿಯುತ್ತದೆ. ಅವು ಸವರಿಹೋಗದಂತೆ ಆ ಸಲ ರೋಟವೇಟರನ್ನು ಮೇಲುಮೇಲೆ ಆಡಿಸಿದರೆ ಸಾಕು.